ಶೆಟ್ಟೆವ್ವ ಉಗುಳಿದ ಅಕ್ಕಿ

"ಕಿಸೆ ತಿರುವಿ ತೋರಸಲೇ ಮಗನ. ಬರೂಮುಂದ ಖಾಲಿ ಇತ್ತು ಅನ್ನೂದನ್ನ ನಾಕು ಮಂದಿ ನೋಡಲಿ."

ಮಲ್ಲಣ್ಣ ಸಾವಕಾರ ಹೀಗೆ ಅಂದಾಗ ಕಣದಲ್ಲಿದ್ದವರೆಲ್ಲ ಕೈಯ ಕೆಲಸ ಬಿಟ್ಟು ತಿರುಗಿ ನೋಡಿದರು. ತೊಗರಿ ಸೂಡು ಹೊರುವವರು, ತಾಡಪಾಲು ಹಾಸುವವರು, ಮೊರ ಹಿಡಿದು ಕೂತ ಹೆಂಗಸರು. ಟ್ರ್ಯಾಕ್ಟರಿನ ಪಕ್ಕದಲ್ಲಿ ನಿಂತಿದ್ದ ಮುತ್ತು ಇದು ತನಗಲ್ಲ ಎಂದುಕೊಂಡ. ಮುದ್ದೇಬಿಹಾಳದ ಕಡೆಯ ಹುಡುಗ ಅವನು, ಕಾಳು ಬಿಡಿಸುವ ರಾಶಿ ಮಷೀನು ಓಡಿಸುವವನು. ಸಿಂದಗಿಯಿಂದ ಇಂಡಿಗೆ ಹೋಗುವ ರಸ್ತೆ ಬಿಟ್ಟು ಒಳಗಿದ್ದ ಈ ಊರಿಗೆ ಅವನು ಕಾಲಿಟ್ಟು ಇನ್ನೂ ಒಂದು ಚಹಾ ಕುಡಿಯುವಷ್ಟು ಹೊತ್ತು ಆಗಿರಲಿಲ್ಲ.

"ನಿನಗಲೇ. ಮಷೀನಿನಾಂವ."

"ಯಾಕ್ರಿ ಸಾವಕಾರ್ರ? ನಾ ರಾಶಿ ಮಾಡಾಕ ಬಂದೇನಿ."

"ಅದಕ್ಕ ಕೇಳಾಕತ್ತೇನಿ. ಸಾಲಿ ಎಷ್ಟ ಕಲತಿ?"

"ಎಂಟನೇತ್ತಾ ಬಿಟ್ಟೇನ್ರಿ."

"ಕೇಳಿದ್ರೇನ್ರಪಾ? ಎಂಟನೇತ್ತಾ ಬಿಟ್ಟಾನಂತ. ಪಾಟಿ ಹಿಡೀಲಾರದ ಕೈ ಏನ ಹಿಡೀತೈತಿ ಅಂತ ನಮಗ ಗೊತ್ತಿಲ್ಲೇನು? ಒಂದ್ಸಲ ಮನಿಯಾಗ ಕಳ್ಳತನ ಮಾಡಿಸ್ಕೊಂಡ ಶಾಣ್ಯಾ ಆಗೇನಿ ನಾ. ತಿರುವು ಕಿಸೆ." ಸಾವಕಾರ ಮೀಸೆಯ ಕೆಳಗೆ ನಕ್ಕ. "ನಿಮ್ಮಪ್ಪನೂ ಹಿಂಗ ಮಂದಿ ಕಣದಾಗ ಕಿಸೆ ತೋರಿಸ್ಕೊಂತ ತಿರಗಾಂವನೋ, ಇಲ್ಲಾ ತೋರಸೂಕಿಂತ ಮೊದಲ ಓಡತಿದ್ನೋ? ಹೇಳಲೇ. ಬಾಯಿಲ್ಲೇನು?"

ಜನ ನಕ್ಕರು. ಸೂಡು ಹೊರುವವನೊಬ್ಬ ಮೊಬೈಲು ಎತ್ತಿ ಹಿಡಿದ. ಮುತ್ತು ಪ್ಯಾಂಟಿನ ಎರಡೂ ಕಿಸೆ ಹೊರಗೆಳೆದ. ನಟ್ಟು ತಿರುವುವ ಒಂದು ಪಾನಾ, ಒಂದು ಕರವಸ್ತ್ರ, ಒಂದು ಗುಟಕಾ ಚೀಟಿ ನೆಲಕ್ಕೆ ಬಿದ್ದವು. ಮಾಸಿದ ಬಿಳಿ ಅರಿವೆಯ ಕಿಸೆಗಳು ತೊಡೆಯ ಎರಡೂ ಕಡೆ ನಾಲಿಗೆಯಂತೆ ಜೋತಾಡಿದವು. ಅವನ ಅಪ್ಪ ಕಾಲುವೆ ತೋಡುವಲ್ಲಿ ಮಣ್ಣು ಕುಸಿದು ಸತ್ತವನು. ಬದುಕಿದ್ದಷ್ಟು ದಿನ ಮಂದಿಯ ಒಂದು ಕಾಳು ಮುಟ್ಟಿದವನಲ್ಲ. ಈ ಮಾತು ಮುತ್ತುವಿನ ಗಂಟಲತನಕ ಬಂತು. ಆದರೆ ಟ್ರ್ಯಾಕ್ಟರಿನ ಮಾಲಕ ಬಸವನ ಬಾಗೇವಾಡಿಯಿಂದ ಕಳಿಸುವಾಗಲೇ ಹೇಳಿದ್ದ: ಈ ಸಲ ಎಲ್ಲಿಯಾದರೂ ಜಗಳ ತೆಗೆದರೆ ಮಷೀನು ಬಿಟ್ಟು ನಡಿ. ಹಿಂದಿನ ಸುಗ್ಗಿಯಲ್ಲಿ ಮುತ್ತು ಒಬ್ಬನ ಹಲ್ಲು ಉದುರಿಸಿದ್ದ.

ಅವನು ಬಾಗಿ ಪಾನಾ, ಕರವಸ್ತ್ರ ಎತ್ತಿಕೊಂಡು ಕಿಸೆಗಳನ್ನು ಒಳಗೆ ತುರುಕಿದ.

ಕಣದಲ್ಲಿ ನಗದೆ ಇದ್ದವಳು ಒಬ್ಬಳೇ, ಸಿದ್ದವ್ವ. ಮುಪ್ಪಿನ ಹೆಂಗಸು. ಮಷೀನಿನ ಜರಡಿಯಿಂದ ಕಾಳು ಬೀಳುವ ಕಡೆಗೇ ತನ್ನ ಮೊರ ಇಟ್ಟುಕೊಂಡು, ಬೇರೆ ಯಾರೂ ಅಲ್ಲಿ ಕೂಡದಂತೆ ಕಾಲು ಚಾಚಿ ಕೂತಿದ್ದಳು. ಸಾವಕಾರ ಆಚೆ ಹೋದ ಮೇಲೆ ಮುತ್ತುವನ್ನು ಸನ್ನೆ ಮಾಡಿ ಕರೆದಳು.

"ತಮ್ಮಾ, ಜರಡ್ಯಾಗ ಏನರ ಹೊಳದ್ರ ಕೈ ಹಾಕಬ್ಯಾಡ. ಮಷೀನ ನಿಂದ್ರಿಸಿ ನನ್ನ ಕರಿ."

"ಯಾಕ ಆಯಿ? ಹೊಳಿಯೂದೆಲ್ಲ ನಿನಗ, ಹೊಟ್ಟೆಲ್ಲ ನನಗೇನು?"

"ನಗಬ್ಯಾಡ. ಅದಕ್ಕ ಕಟ್ಟ ಹಾಕ್ಯಾರ. ಮುಟ್ಟಿದಾವನ ಬಾಯಿ ಒಣಗತೈತಿ."

ಮುತ್ತು ಜೋರಾಗಿ ನಕ್ಕ. ಆಗಿನಿಂದ ಒಳಗೆ ಕುದಿಯುತ್ತಿದ್ದ ಸಿಟ್ಟಿಗೆ ಒಂದು ಮುದುಕಿ ಸಿಕ್ಕಿದ್ದಳು. "ಈ ಧೂಳಿನಾಗ ಬಾಯಿ ಒಣಗಾಕ ಮಾಟ ಬೇಕೇನು? ಸಾವಕಾರಂದು ಒಂದ ನಮೂನಿ ಹುಚ್ಚು, ನಿಂದೊಂದ ನಮೂನಿ. ಸರಕೊಂಡು ಕೂಡು, ಬೆಲ್ಟಿಗೆ ಸೀರಿ ಸಿಕ್ಕೀತು."

ಸಿದ್ದವ್ವ ಸರಿಯಲಿಲ್ಲ. ಮೊರದ ಅಂಚಿನ ಮೇಲಿಂದ ಅವನನ್ನೇ ನೋಡುತ್ತ ಕೂತಳು.

ಮಷೀನು ಶುರುವಾಯಿತು. ತೊಗರಿಯ ಧೂಳು ಜೋಳದ ಧೂಳಿನಂತಲ್ಲ. ಮೈಗೆ ಹತ್ತಿದರೆ ನವೆ, ಗಂಟಲಿಗೆ ಇಳಿದರೆ ಕಹಿ. ಗಳಿಗೆಯೊಳಗೆ ಕಣದ ಮೇಲೆ ಕಂದು ಬಣ್ಣದ ಕತ್ತಲು ಎದ್ದು ನಿಂತಿತು. ಸೂರ್ಯ ಎಲ್ಲೋ ಮೇಲೆ ಇದ್ದ, ಕಾಣುತ್ತಿರಲಿಲ್ಲ. ಎದುರಿಗಿದ್ದವರು ಬರೀ ನೆರಳಾದರು. ಸೂಡು ಬಾಯಿಗೆ ಬೀಳುವ ಸದ್ದು, ಕಟ್ಟಿಗೆ ಮುರಿಯುವ ಸದ್ದು, ಫ್ಯಾನಿನ ಹುಯಿಲು. ಮಷೀನು ಓಡಿಸುವವನಿಗೆ ಈ ಗದ್ದಲವೇ ಮೌನ. ಅದರೊಳಗೆ ಬೇರೆ ಸದ್ದು ಒಂದು ಬಿದ್ದರೂ ಅವನ ಕಿವಿ ನಿಮಿರುತ್ತದೆ.

ಟಿಣ್.

ಕಲ್ಲಲ್ಲ. ಬೋಲ್ಟೂ ಅಲ್ಲ. ಮುತ್ತು ಮಷೀನು ನಿಲ್ಲಿಸಿದ. ಜರಡಿಯ ತಟ್ಟೆ ಬಿಚ್ಚಿ ತೋಳು ಒಳಗಿಟ್ಟ. ಬೆರಳ ತುದಿಗೆ ಏನೋ ತಣ್ಣಗೆ ಹತ್ತಿತು. ಅಷ್ಟು ಬಿಸಿಯಾದ ಮಷೀನಿನೊಳಗೆ ಅಷ್ಟು ತಣ್ಣನೆಯ ವಸ್ತು ಹೇಗೆ ಇತ್ತು ಎಂದು ಅವನಿಗೆ ಆಗ ಅನ್ನಿಸಲಿಲ್ಲ. ಎಳೆದು ತೆಗೆದ. ಬುಗುಡಿ. ಹೆಂಗಸರು ಕಿವಿಯ ಮೇಲಂಚಿಗೆ ಇಟ್ಟುಕೊಳ್ಳುವ ಬಂಗಾರದ ಬುಗುಡಿ, ನಡುವೆ ಒಂದು ಕೆಂಪು ಹರಳು, ಸುತ್ತ ಸಣ್ಣ ಮುತ್ತುಗಳು. ಕೊಂಡಿಯಲ್ಲಿ ಒಣಗಿದ ತೊಗರಿ ಕಡ್ಡಿಯ ಚೂರೊಂದು ಸಿಕ್ಕಿಕೊಂಡಿತ್ತು.

ಧೂಳು ಇನ್ನೂ ಇಳಿದಿರಲಿಲ್ಲ. ಯಾರೂ ನೋಡಲಿಲ್ಲ. ತಟ್ಟೆ ಮತ್ತೆ ಕೂಡಿಸಲು ಎರಡೂ ಕೈ ಬೇಕು. ಹಾಗೆ ಎರಡೂ ಕೈಗೆ ಕೆಲಸವಿರುವಾಗ ನಟ್ಟು, ಬೋಲ್ಟು, ಪಿನ್ನು ಎಲ್ಲವನ್ನೂ ತುಟಿಯ ನಡುವೆ ಕಚ್ಚಿ ಹಿಡಿಯುವುದು ಮಷೀನಿನವರ ರೂಢಿ. ನೆಲಕ್ಕೆ ಇಟ್ಟರೆ ಹೊಟ್ಟಿನಲ್ಲಿ ಹೋಗಿಬಿಡುತ್ತದೆ. ಮುತ್ತು ಏನೂ ಯೋಚಿಸದೆ ಬೋಲ್ಟುಗಳ ಜೊತೆಗೆ ಬುಗುಡಿಯನ್ನೂ ತುಟಿಗೆ ಕಚ್ಚಿಕೊಂಡ. ಅದರ ಕೊಂಡಿ ನಾಲಿಗೆಯ ತುದಿಗೆ ತಾಗಿತು.

ಬಂಗಾರದ ರುಚಿ ಬರಲಿಲ್ಲ. ಹಸಿ ಅಕ್ಕಿಯ ರುಚಿ ಬಂತು. ಅದರ ಹಿಂದೆ ಅರಿಷಿಣ. ಅದರ ಹಿಂದೆ ಬಹಳ ದಿನ ಮುಚ್ಚಿಟ್ಟ ಕಾಳಿನ ಹಗೇವಿನ ಬಾಯಿ ತೆರೆದಾಗ ಏಳುವಂಥ ಕಮಟು ವಾಸನೆ.

ತಟ್ಟೆ ಬಿಗಿದು ಬುಗುಡಿಯನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಇಳಿಸಿದ. ಬೆಳಿಗ್ಗೆ ಊರೆಲ್ಲ ನೋಡಿದ ಅದೇ ಕಿಸೆಗೆ. ಕದಿಯುವ ವಿಚಾರ ಅವನ ತಲೆಗೆ ಬರಲೇ ಇಲ್ಲ. ಬಂದದ್ದು ಬೇರೆ. ಸಂಜೆ ಕೂಲಿಯವರೆಲ್ಲ ಸಾವಕಾರನ ವಾಡೆಯ ಮುಂದೆ ಕೂಡುತ್ತಾರೆ. ಆಗ ಎಲ್ಲರ ಎದುರಿಗೆ ಇದನ್ನು ಎತ್ತಿ ಹಿಡಿಯಬೇಕು. 'ಸಾವಕಾರ್ರ, ಈಗ ನಿಮ್ಮ ಕಿಸೆ ತಿರುವ್ರಿ. ಇದನ್ನ ಹಾಕ್ತೇನಿ' ಅನ್ನಬೇಕು. ಮೊಬೈಲು ಹಿಡಿದವನು ಅದನ್ನೂ ಹಿಡಿಯಲಿ. ಈ ಮಾತನ್ನು ಮುತ್ತು ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ಹೇಳಿಕೊಂಡ. ಹೇಳಿಕೊಂಡಷ್ಟೂ ಬಾಯಿ ಒಣಗತೊಡಗಿತು.

ಮೊದಲಿಗೆ ಧೂಳು ಎಂದುಕೊಂಡ. ಊಟದ ಹೊತ್ತಿಗೆ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಬಾಯಿಗಿಟ್ಟ. ಅಗಿದ. ರೊಟ್ಟಿ ಹಿಟ್ಟಾಯಿತು, ತುತ್ತಾಗಲಿಲ್ಲ. ಬಾಯಿಯಿಂದ ಪುಡಿ ಹಾರಿತು. ಕೊಡದ ನೀರು ಮೊಗೆದು ಕುಡಿದ. ನೀರು ಎಣ್ಣೆ ಸವರಿದ ಕಲ್ಲಿನ ಮೇಲೆ ಹರಿದಂತೆ ನಾಲಿಗೆಯ ಮೇಲೆ ಜಾರಿ ಗಂಟಲಿಗೆ ಹೋಯಿತು. ನಾಲಿಗೆ ಒದ್ದೆಯಾಗಲಿಲ್ಲ. ಮತ್ತೆ ಕುಡಿದ. ಹೊಟ್ಟೆ ಉಬ್ಬಿತು. ಬಾಯಿ ಒಣಗಿದ್ದು ಒಣಗಿದಂತೆಯೇ ಇತ್ತು.

"ಕೊಡಕ್ಕ ಬಾಯಿ ಹಚ್ಚಿ ಕುಡಿ, ಉಳದಾವ್ರು ಕಾಲವಿಗೆ ಹೋಗ್ತೇವಿ," ಎಂದು ಪಕ್ಕದವ ನಕ್ಕ.

ಮುತ್ತುವಿನ ದವಡೆಯಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ಕಲ್ಲು ಎಂದು ಬೆರಳಿಟ್ಟು ತೆಗೆದ. ಒಂದು ಅಕ್ಕಿಯ ಕಾಳು. ಅರಿಷಿಣ ಹತ್ತಿದ್ದು. ಪೂರಾ ಒಣಗಿದ್ದು. ಅವನ ಬುತ್ತಿಯಲ್ಲಿ ಅನ್ನವಿರಲಿಲ್ಲ.

ಇನ್ನೊಂದು ಸಿಕ್ಕಿತು. ಮತ್ತೊಂದು.

ಅವನು ಎದ್ದ. ಹೊಟ್ಟಿನ ರಾಶಿಯ ಹಿಂದೆ ಸಿದ್ದವ್ವ ಒಬ್ಬಳೇ ಕೂತಿದ್ದಳು. ಅವನ ಬೂದಿ ಬಣ್ಣದ ತುಟಿ ನೋಡಿದ್ದೇ ಮೊರ ಕೆಳಗಿಟ್ಟಳು.

"ಸಿಕ್ತು?"

ಮುತ್ತು ತಲೆಯಾಡಿಸಿದ.

"ಬಾಯಾಗ ಹಿಡದ್ಯೇನು?"

ಅವನು ತುಟಿ ಮುಟ್ಟಿ ತೋರಿಸಿದ.

"ಅಯ್ಯ ನನ ಮಗನ." ಸಿದ್ದವ್ವ ಹಣೆಗೆ ಕೈ ಹಚ್ಚಿಕೊಂಡಳು. "ನನ್ನ ಕರಿ ಅಂದಿದ್ದೆ. ನನ್ನ ಕೈಯಾಗ ಸಿಗಲಿ, ನಾ ಒಣಗತೇನಿ ಅಂತ ಮುಂಜಾನಿಂದ ಅಲ್ಲೇ ಬಡಕೊಂಡು ಕೂತಿದ್ದೆ."

"ಏನ... ಮಾಡಿದಿ... ನನಗ?" ಮಾತು ಒಣ ಎಲೆಯಂತೆ ಸರಸರ ಅಂದಿತು.

"ನಿನಗಲ್ಲೋ. ಕುಂದ್ರು."

ಸಿದ್ದವ್ವ ಹೇಳಿದಳು. ಅತ್ತಿತ್ತ ನೋಡುತ್ತ, ಉಸಿರಿನಲ್ಲಿ ಹೇಳಿದಳು. ಈ ಸಲದ ಎಳ್ಳ ಅಮಾವಾಸ್ಯೆಯ ದಿನ ಸಾವಕಾರನ ಮನೆಯವರೆಲ್ಲ ಈ ತೊಗರಿ ಹೊಲಕ್ಕೆ ಚರಗ ಚೆಲ್ಲಲು ಬಂದಿದ್ದರು. ಭೂಮಿತಾಯಿಗೆ ಉಣ್ಣಿಸುವ ಹಬ್ಬ, ಹೆಂಗಸರು ಪೆಟ್ಟಿಗೆಯ ಬಂಗಾರವೆಲ್ಲ ತೊಟ್ಟು ಬರುವ ಹಬ್ಬ. ಸಾವಕಾರನ ಹೆಂಡತಿ ಸುರೇಖಾ ಮುಂದೆ, ಅಡಿಗೆಯ ಬುಟ್ಟಿ ಹೊತ್ತ ಶೆಟ್ಟೆವ್ವ ಹಿಂದೆ. ಶೆಟ್ಟೆವ್ವ ಎಂದರೆ ಸಿದ್ದವ್ವನ ತಂಗಿ, ವಾಡೆಯ ಆಳು. ಮನೆಗೆ ತಿರುಗಿ ಬಂದಾಗ ಸುರೇಖಾಳ ಒಂದು ಕಿವಿ ಬರಿದಾಗಿತ್ತು. ಆಳೆತ್ತರದ ತೊಗರಿ ಗಿಡಕ್ಕೆ ಸೆರಗು ಸಿಕ್ಕು ಬಿದ್ದಿರಬಹುದು ಎಂದು ಒಬ್ಬರೂ ಅನ್ನಲಿಲ್ಲ. ಹಿಂದೆ ನಡೆದವಳು ಯಾರು ಎಂದು ಕೇಳಿದರು.

ಸಾವಕಾರ ಮಂತ್ರದವನೊಬ್ಬನಿಂದ ಅಕ್ಕಿ ಮಂತ್ರಿಸಿ ತರಿಸಿದ. ಅರಿಷಿಣ ಕಲಸಿದ ಅಕ್ಕಿ. ಆಳುಗಳೆಲ್ಲ ಒಂದೊಂದು ಹಿಡಿ ಅಗಿದು ಉಗುಳಬೇಕು. ಒದ್ದೆಯಾಗಿ ಬಿದ್ದರೆ ಸಾಚಾ, ಒಣಗಿ ಬಿದ್ದರೆ ಕಳ್ಳ. ಬೆಳಗಿನಿಂದ ಶೆಟ್ಟೆವ್ವನಿಗೆ ಯಾರೂ ನೀರು ಕೊಟ್ಟಿರಲಿಲ್ಲ. ಊರೆಲ್ಲ ಸುತ್ತ ನಿಂತು ನೋಡುವಾಗ ಬಡವಿಯ ಬಾಯಲ್ಲಿ ಎಲ್ಲಿಂದ ಉಗುಳು ಬರಬೇಕು? ಅವಳ ಅಕ್ಕಿ ಪುಡಿಪುಡಿಯಾಗಿ ಬಿತ್ತು. ಎಲ್ಲಿಟ್ಟಿದ್ದಾಳೆಂದು ಹೇಳುವತನಕ ಹನಿ ನೀರು ಕೊಡಬೇಡಿರೆಂದು ಸಾವಕಾರ ಅವಳನ್ನು ವಾಡೆಯ ಅಂಗಳದ ಹಗೇವಿಗೆ ಇಳಿಸಿದ. ಜೋಳ ತುಂಬುವ ನೆಲದ ಕುಣಿ, ಆಗ ಖಾಲಿ ಇತ್ತು. ಮೇಲೆ ಕಲ್ಲು ಎಳೆಸಿದ. ಮರುದಿನ ತೆಗೆದಾಗ ಅವಳು ಸತ್ತಿದ್ದಳು. ಹಗೇವು ಬಳಿಯಲು ಇಳಿದಿದ್ದಳು, ಕೆಟ್ಟ ಗಾಳಿ ಬಡಿಯಿತು ಎಂದು ಊರಿಗೆ ಹೇಳಿದರು. ಊರು ಹೂಂ ಅಂದಿತು.

"ಕಲ್ಲಿನ ಸಂದಿಗೆ ಕಿವಿ ಹಚ್ಚಿ ಕೂತಿದ್ದೆ ನಾ," ಅಂದಳು ಸಿದ್ದವ್ವ. "ನನ್ನ ಕೈಲೆ ಕಲ್ಲ ಸರೀಲಿಲ್ಲ. ಯಾರನ್ನ ಕರೀಲಿ? ಎಳದಾವ್ರನ್ನ ಕರೀಲ್ಯಾ? ಒಳಗಿಂದ ಅಂದ್ಲು: ಅಕ್ಕಾ, ನಾ ಉಗುಳಿದ ಅಕ್ಕಿ ಆಯ್ಕೊ. ಆ ಹೊಲದ ಮಣ್ಣಾಗ ಕಟ್ಟಿ ಈ ಕಲ್ಲಿನ ಬುಡಕ್ಕ ಹೂಳು. ಅದು ಸಿಗತೈತಿ. ಸಿಕ್ಕಾವನ ಬಾಯಿ ನನ್ನಂಗ ಒಣಗಲಿ, ಒಯ್ದು ಕೊಡೂತನಕ ಬಿಡಬ್ಯಾಡ. ಇಸ್ಕೊಂಡಾವ್ರು ಮಂದ್ಯಾಗ 'ಶೆಟ್ಟೆವ್ವ ಕಳ್ಳಿ ಅಲ್ಲ' ಅನ್ಲಿ. ಅಂದ್ರ ಬಿಟ್ಟೆ. ಅನ್ನದಿದ್ರ ನನ್ನ ಅಕ್ಕಿ ಅವರು ಅಗೀಲಿ. ಅಗದು ತೀರಬಾರದು."

"ನೀ ಹೂಳಿದಿ?"

"ಹೂಳಿದೆ. ಕಟ್ಟಿದಾಕಿ ನಾನ. ಬಿಚ್ಚಾಕ ನನಗ ಬರೂದಿಲ್ಲ."

ಮುತ್ತುವಿನ ಸಿಟ್ಟು ನೆತ್ತಿಗೇರಿತು. ಯಾರೋ ಕಳೆದದ್ದು, ಯಾರೋ ಕೊಂದದ್ದು, ಯಾರೋ ಕಟ್ಟಿದ್ದು. ಬಾಯಿ ಒಣಗಬೇಕಾದ್ದು ತನ್ನದೇ? ಕರವಸ್ತ್ರ ಕಿತ್ತು ಬುಗುಡಿಯನ್ನು ಬೀಸಿ ಒಗೆದ. ಅದು ಹೊಟ್ಟಿನ ರಾಶಿಯಲ್ಲಿ ಬಿದ್ದು ಮುಳುಗಿತು.

ಒಗೆದ ಕೈ ಕೆಳಗಿಳಿಯುವುದರೊಳಗೆ ಅವನ ಬಾಯಿ ತುಂಬಿತು.

ಅಕ್ಕಿ. ನಾಲಿಗೆಯ ಕೆಳಗೆ ಅಕ್ಕಿ. ಒಸಡಿನ ಹಿಂದೆ ಅಕ್ಕಿ. ಉಗುಳಿದ. ಹಳದಿ ಕಾಳು ಒಣಗಿಯೇ ಉದುರಿದವು. ಉಗುಳಿದಷ್ಟೂ ಒಳಗಿಂದ ಬಂದವು. ಗಂಟಲು ಕಟ್ಟಿತು. ಕಿವಿಯೊಳಗೆ ಸದ್ದು, ಕರ್ ಕರ್ ಕರ್, ಯಾರೋ ಕತ್ತಲಲ್ಲಿ ಕೂತು ಒಣ ಅಕ್ಕಿ ಅಗಿಯುವ ಸದ್ದು. ಅವನು ಹೊಟ್ಟಿನೊಳಗೆ ಬಿದ್ದ. ಮುಖವಿಟ್ಟು ಬಗೆದ. ಮೂಗಿನಲ್ಲಿ ಹೊಟ್ಟು. ಕಣ್ಣಿನಲ್ಲಿ ಹೊಟ್ಟು. ಉಸಿರಿಲ್ಲ. ಇಲ್ಲಿಲ್ಲ. ಇಲ್ಲಿಯೂ ಇಲ್ಲ. ಎದೆ ಒಡೆಯುತ್ತಿತ್ತು. ಆಗ ತಣ್ಣನೆಯದು ಬೆರಳಿಗೆ ಹತ್ತಿತು. ಮುಷ್ಟಿ ಬಿಗಿದ. ಬಾಯಿಂದ ಕೊನೆಯ ಕಾಳು ಬಿತ್ತು. ಗಾಳಿ ಒಳಗೆ ಬಂತು.

ಸಿದ್ದವ್ವ ಅವನ ಬೆನ್ನು ಸವರುತ್ತಿದ್ದಳು. "ನಡಿ. ಕೊಟ್ಟ ಬರೂಣು."

ಇಳಿಹೊತ್ತಿನಲ್ಲಿ ಅವರಿಬ್ಬರೂ ಕಣ ಬಿಟ್ಟು ನಡೆದಾಗ ಕೂಲಿಯವರು ಒಬ್ಬೊಬ್ಬರೇ ಎದ್ದು ಹಿಂದೆ ಬಂದರು. ಯಾರೂ ಕರೆದಿರಲಿಲ್ಲ. ಸಿದ್ದವ್ವನ ನಡಿಗೆಯಲ್ಲಿ ಏನೋ ಇತ್ತು.

ವಾಡೆಯ ಬಾಗಿಲು ಎತ್ತರದ್ದು, ಒಳಗೆ ಅಂಗಳ, ಅಂಗಳದ ಮೂಲೆಯಲ್ಲಿ ಹಗೇವಿನ ಕಲ್ಲು. ಹೊರಗೆ ಇಳಿಬಿಸಿಲಿದ್ದರೂ ಅಂಗಳದಲ್ಲಿ ಆಗಲೇ ನೆರಳು ಕಪ್ಪಾಗಿತ್ತು. ಕಲ್ಲಿನ ಸುತ್ತ ಹೊಸದಾಗಿ ಸಗಣಿ ಬಳಿದಿದ್ದರು. ಸಗಣಿಯ ವಾಸನೆಯ ಕೆಳಗಿಂದ ಅದೇ ಕಮಟು ಏಳುತ್ತಿತ್ತು. ಮುತ್ತು ಅದರ ಪಕ್ಕ ಹಾಯುವಾಗ ಪಾದದ ಕೆಳಗೆ ನೆಲ ಸಣ್ಣಗೆ ನಡುಗಿತು. ಕರ್ ಕರ್. ಅವನು ಸುತ್ತ ನೋಡಿದ. ಬೇರೆ ಯಾರಿಗೂ ಕೇಳಿದಂತಿರಲಿಲ್ಲ. ಸಿದ್ದವ್ವನ ಕಣ್ಣು ಮಾತ್ರ ಕಲ್ಲಿನ ಮೇಲಿತ್ತು.

ಮಲ್ಲಣ್ಣ ಸಾವಕಾರ ಪಡಸಾಲೆಯ ಮಂಚದ ಮೇಲೆ ಅಡಿಕೆ ಕತ್ತರಿಸುತ್ತ ಕೂತಿದ್ದ. ಒಳಬಾಗಿಲಲ್ಲಿ ಸುರೇಖಾ ನಿಂತಿದ್ದಳು. ಒಂದು ಕಿವಿಯಲ್ಲಿ ಬುಗುಡಿ ಇತ್ತು, ಇನ್ನೊಂದನ್ನು ಸೆರಗಿನಿಂದ ಮುಚ್ಚಿದ್ದಳು.

"ಯಾಕ ಬಂತು ಈ ದಿಬ್ಬಣ? ಮಷೀನ ಯಾರಪ್ಪ ನಡಸ್ತಾನ?"

ಮುತ್ತು ಮುಷ್ಟಿ ಮುಂದೆ ಚಾಚಿ ತೆರೆದ. ಅಂಗೈಯಲ್ಲಿ ಕೆಂಪು ಹರಳು ಹೊಳೆಯಿತು. ಸುರೇಖಾಳ ಬಾಯಿಂದ ಸಣ್ಣ ಕೂಗು ಬಂತು.

ಸಾವಕಾರ ಅಡಕತ್ತರಿ ಕೆಳಗಿಟ್ಟ. ಬುಗುಡಿ ನೋಡಿದ, ಮುತ್ತುವನ್ನು ನೋಡಿದ, ಹಿಂದೆ ನಿಂತ ಜನರನ್ನು ನೋಡಿದ. ಆಮೇಲೆ ನಕ್ಕ.

"ನೋಡಿದ್ರ್ಯಾ? ಮುಂಜಾನೆ ಕಿಸೆ ತಿರುವಿಸಿದೆ, ಸಂಜೀಕ ಮಾಲ ಹೊರಗ ಬಂತು. ಕಳ್ಳನ ಮಾರಿ ನೋಡಿದ್ರ ಗೊತ್ತಾಗತೈತಿ ನನಗ."

ಮುತ್ತು ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತು ನಾಲಿಗೆಗೆ ಅಂಟಿ ನಿಂತಿತು. ಇಷ್ಟೇ ಬಂತು: "ಜರಡ್ಯಾಗ... ಸಿಕ್ತ್ರಿ. ತೊಗರಿ ಕಡ್ಡ್ಯಾಗ."

ಹಿಂದೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜರಡಿಯಲ್ಲಿ ಸಿಕ್ಕಿದ್ದರೆ ಸೂಡಿನಲ್ಲಿತ್ತು. ಸೂಡಿನಲ್ಲಿದ್ದರೆ ಹೊಲದಲ್ಲಿ ಗಿಡಕ್ಕೆ ಸಿಕ್ಕಿತ್ತು. ಹಾಗಾದರೆ ಶೆಟ್ಟೆವ್ವ? ಅಂಗಳದಲ್ಲಿ ಎಲ್ಲರ ಉಸಿರೂ ಆ ಹೆಸರನ್ನೇ ಅನ್ನುತ್ತಿತ್ತು.

ಸಿದ್ದವ್ವ ಮುಂದೆ ಬಂದು ಸೆರಗೊಡ್ಡಿದಳು. "ಸಾವಕಾರ್ರ, ಒಂದ ಮಾತ ಅನ್ರಿ. ಇಷ್ಟ ಮಂದ್ಯಾಗ ಅನ್ರಿ. ಶೆಟ್ಟೆವ್ವ ಕಳ್ಳಿ ಅಲ್ಲ ಅಂತ. ಮತ್ತೇನೂ ಬ್ಯಾಡ್ರಿ ನನಗ."

"ಸತ್ತಾಕಿ ತಗೊಂಡ ಏನ ಮಾಡ್ತಾಳ ಅದನ್ನ?"

"ಅನ್ರಿ. ಕಾಲ ಬೀಳ್ತೇನಿ."

ಸುರೇಖಾ ಹೊಸ್ತಿಲು ದಾಟಿ ಬಂದಳು. "ಗಿಡಕ್ಕ ಸಿಕ್ಕಿತ್ತು ಅಂದಮ್ಯಾಲ... ಪಾಪ, ಅಕಿ ತಗೊಂಡಿದ್ದಿಲ್ಲ ಅನಸತೈತ್ರಿ..."

"ನೀ ಒಳಗ ನಡಿ." ಸಾವಕಾರ ತಿರುಗಿಯೂ ನೋಡಲಿಲ್ಲ. ಮಂಚದಿಂದ ಎದ್ದ. ಜನರೆಲ್ಲ ಕೇಳಲಿ ಎಂದು ಧ್ವನಿ ಏರಿಸಿದ. "ಕದ್ದಾಕಿ ಅಕೀನ. ಹೊಲದಾಗ ಮುಚ್ಚಿಟ್ಟಿದ್ಲು. ಈ ಮುದಿಕಿಗೆ ಗೊತ್ತಿತ್ತು. ಎಂಟನೇತ್ತಾ ಬಿಟ್ಟ ಈ ಭಾಡ್ಯಾನ ಕೂಡಿಸ್ಕೊಂಡು ಇವತ್ತ ನಾಟಕ ಮಾಡಾಕತ್ತಾಳ. ಶೆಟ್ಟೆವ್ವ ಕಳ್ಳಿ. ಅವರ ಮನಿತನಾನ ಕಳ್ಳರದು. ಕೊಡಲೇ ಇಲ್ಲಿ."

ಮುತ್ತು ಕೈ ಹಿಂದಕ್ಕೆ ಎಳೆದುಕೊಳ್ಳಬಹುದಾಗಿತ್ತು. ಒಂದು ಗಳಿಗೆ ಅವನ ಬೆರಳು ಮುಚ್ಚಿಕೊಂಡವು ಕೂಡ. ಈ ಮನುಷ್ಯ ಏನನ್ನು ಕೇಳುತ್ತಿದ್ದಾನೆ ಎಂದು ಅವನಿಗೆ ಗೊತ್ತಿತ್ತು, ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಹೊರಗೆಳೆದ ಎರಡು ಕಿಸೆ ಅವನ ಕಣ್ಣ ಮುಂದೆ ಬಂದವು. ಕಾಲುವೆಯ ಮಣ್ಣಿನಲ್ಲಿ ಹೂತ ಅಪ್ಪ ಬಂದ. ತಾನು ಒಮ್ಮೆಯೂ ನೋಡದ, ಕಲ್ಲಿನ ಕೆಳಗೆ ಬಾಯಾರಿ ಸತ್ತ ಹೆಂಗಸೊಬ್ಬಳು ಬಂದಳು.

ಅವನು ಬೆರಳು ಬಿಚ್ಚಿದ. ಸಾವಕಾರ ಬುಗುಡಿ ಕಸಿದುಕೊಂಡ.

ನೆಲದ ಕೆಳಗಿನ ಸದ್ದು ನಿಂತಿತು.

ಮುತ್ತುವಿನ ಬಾಯಲ್ಲಿ ನೀರು ಒಡೆಯಿತು. ಎರಡೂ ದವಡೆಯಿಂದ, ನಾಲಿಗೆಯ ಬುಡದಿಂದ, ಕಾಲುವೆಯ ಗೇಟು ಎತ್ತಿದಂತೆ. ಅಷ್ಟು ರುಚಿಯಾದದ್ದನ್ನು ಅವನು ಜೀವನದಲ್ಲಿ ಕುಡಿದಿರಲಿಲ್ಲ. ನಾಲಿಗೆ ತಿರುಗಿಸಿ ನೋಡಿದ. ಎಲ್ಲ ಕಡೆ ಜೀವ ಬಂದಿತ್ತು, ತುದಿಗೆ ಮಾತ್ರ ಬಂದಿರಲಿಲ್ಲ. ಬುಗುಡಿಯ ಕೊಂಡಿ ತಾಗಿದ್ದ ಆ ಜಾಗ ಕಟ್ಟಿಗೆಯ ಚೂರಿನಂತೆ ಸತ್ತು ನಿಂತಿತ್ತು. ಹಲ್ಲಿನಿಂದ ಕಚ್ಚಿದ. ನೋವಾಗಲಿಲ್ಲ.

"ಈಗ ಕೇಳ್ರಿ ಎಲ್ಲಾರೂ," ಸಾವಕಾರ ಬುಗುಡಿ ಎತ್ತಿ ಹಿಡಿದ. "ಈ ಊರಾಗ ಮಲ್ಲಣ್ಣನ ಸೊತ್ತು..."

ಕೆಮ್ಮಿದ. ಬಿಳಿ ಅಂಗಿಯ ಎದೆಯ ಮೇಲೆ ಏನೋ ಬಿತ್ತು. ಹಳದಿ ಬಣ್ಣದ ಒಂದು ಕಾಳು.

ಅವನು ಅದನ್ನು ಉಗುರಿನಿಂದ ಸಿಡಿಸಿದ. "ಮಲ್ಲಣ್ಣನ ಸೊತ್ತು ಯಾರಿಗೂ..."

ಮತ್ತೆ ಕೆಮ್ಮಿದ. ಈ ಸಲ ಹಿಡಿಯಷ್ಟು ಬಿದ್ದವು. ಒಣ ಅಕ್ಕಿ ಪಡಸಾಲೆಯ ಕಲ್ಲಿನ ಮೇಲೆ ಚೆಲ್ಲಿ ಪುಟಿದ ಸದ್ದು ಎಲ್ಲರಿಗೂ ಕೇಳಿತು. ಅರಿಷಿಣದ ವಾಸನೆ ಅಂಗಳದ ತುಂಬ ಹಬ್ಬಿತು. ಯಾರೋ ಅಯ್ಯಯ್ಯೋ ಅಂದರು. ಬೆಳಿಗ್ಗೆ ಮೊಬೈಲು ಹಿಡಿದಿದ್ದವನ ಕೈ ಕಿಸೆಯೊಳಗೆ ಹೋಗಿ ಅಲ್ಲಿಯೇ ನಿಂತಿತು.

ಸುರೇಖಾ ಓಡಿ ಹೋಗಿ ನೀರು ತಂದಳು. ಸಾವಕಾರ ತಂಬಿಗೆ ಕಸಿದು ಎತ್ತಿದ. ನೀರು ಗಲ್ಲದ ಮೇಲೆ ಹರಿಯಿತು, ಎದೆಯ ಮೇಲೆ ಹರಿಯಿತು. ಬಾಯಲ್ಲಿನ ಅಕ್ಕಿ ನೆನೆಯಲಿಲ್ಲ. ಅವನು ಬುಗುಡಿಯನ್ನು ಒಗೆದ. ಅದು ಉರುಳಿ ಹಗೇವಿನ ಕಲ್ಲಿಗೆ ತಾಗಿ ನಿಂತಿತು. ಒಗೆದದ್ದೇ ತಡ, ಅವನ ಎರಡೂ ಗಲ್ಲ ಉಬ್ಬಿದವು. ಕಣ್ಣು ಹೊರಗೆ ಬಂದವು. ಬೆರಳು ತುರುಕಿ ಬಾಯಿಂದ ತೋಡಿದ. ತೋಡಿದ. ತೋಡಿದ. ಮೊಣಕಾಲೂರಿ ತೆವಳಿದ. ಬುಗುಡಿಯ ಮೇಲೆ ಅಂಗೈ ಇಟ್ಟ. ಉಸಿರಿಗೆ ಒಂದಿಷ್ಟು ದಾರಿ ಸಿಕ್ಕಿತು. ಅಷ್ಟೇ.

"ಪೂಜಾರಿನ... ಕರೀರಿ," ಅಂದ. "ಮಂತ್ರದಾವನ್ನ... ಗಾಡಿ ತಗೀರಿ... ದವಾಖಾನಿಗೆ..." ಒಂದೊಂದು ಮಾತಿಗೂ ಒಂದೊಂದು ಹಿಡಿ ಅಕ್ಕಿ ಬಿತ್ತು. ಅವನಿಗೆ ಎಲ್ಲವೂ ನೆನಪಾಯಿತು. ಸಿದ್ದವ್ವ ಸೆರಗೊಡ್ಡಿ ಬೇಡಿದ ಆ ಒಂದು ಮಾತು ಮಾತ್ರ ನೆನಪಾಗಲಿಲ್ಲ. ಅದು ಮದ್ದಾಗಬಹುದು ಎಂದು ಅನ್ನಿಸಲು ಅದು ಅವನ ಕಿವಿಯಿಂದ ಒಳಗೆ ಇಳಿದಿರಬೇಕಿತ್ತು.

ಸಿದ್ದವ್ವ ಹೋಗಿ ಹಗೇವಿನ ಕಲ್ಲಿನ ಮೇಲೆ ಕೂತಳು. ಕಾಲು ಚಾಚಿದಳು. ಬೇಡುವುದನ್ನು ಬೇಡಿ ಆಗಿತ್ತು.

ಸಾವಕಾರನ ಕಣ್ಣು ಮುತ್ತುವಿನ ಮೇಲೆ ಬಿದ್ದಿತು. ಒದ್ದೆ ತುಟಿ. ಬಂದಾಗ ಬೂದಿಯಾಗಿದ್ದ ತುಟಿ ಈಗ ಹೇಗೆ ಒದ್ದೆಯಾಯಿತು ಎಂದು ಅವನಿಗೆ ಹೊಳೆಯಿತು. ಬುಗುಡಿಯನ್ನು ಮುಷ್ಟಿಯಲ್ಲಿ ಹಿಡಿದು ತೆವಳಿಕೊಂಡೇ ಹತ್ತಿರ ಬಂದ.

"ಲೇ... ನಿನಗಿತ್ತು ಇದು. ಹೆಂಗ ಹೋತು? ಹೇಳಲೇ."

ಸಾವಕಾರ ಅವನ ಪ್ಯಾಂಟಿನ ಅಂಚು ಹಿಡಿದ.

"ತಮ್ಮಾ... ಹೇಳೋ. ಏನ ಮಾಡ್ಲಿ?" ಅಕ್ಕಿ ಗಲ್ಲದಿಂದ ಇಳಿಯುತ್ತಿತ್ತು. "ಎಪ್ಪಾ, ಕಾಲ ಹಿಡೀತೇನಿ. ಹೇಳ್ರಿ... ನಿಮ್ಮ... ನಿಮ್ಮ ಹೆಸರೇನ್ರಿ?"

ಬೆಳಗಿನಿಂದ ಅವನು ಆ ಹೆಸರು ಕೇಳಿರಲೇ ಇಲ್ಲ. ಅಪ್ಪನನ್ನು ಕೇಳಿದ್ದ, ಕಿಸೆಯನ್ನು ಕೇಳಿದ್ದ, ಸಾಲಿ ಕೇಳಿದ್ದ.

ಮುತ್ತುವಿನ ಬಾಯಿ ತುಂಬ ಉಗುಳಿತ್ತು. ಹೇಳಬೇಕಾದ್ದು ಮೂರೇ ಮಾತು, ಮೂರೂ ನಾಲಿಗೆಯ ಮೇಲಿದ್ದವು. ಸುರೇಖಾ ಬಾಗಿಲ ಕಂಬ ಹಿಡಿದು ಅವನನ್ನೇ ನೋಡುತ್ತಿದ್ದಳು. ಜನ ನೋಡುತ್ತಿದ್ದರು. ಸಿದ್ದವ್ವ ನೋಡುತ್ತಿರಲಿಲ್ಲ. ಅವಳು ಕಲ್ಲಿನ ಮೇಲೆ ಅಂಗೈಯಿಟ್ಟು, ಮಲಗಿದ ಮಗುವನ್ನು ತಟ್ಟುವಂತೆ ಮೆಲ್ಲಗೆ ತಟ್ಟುತ್ತಿದ್ದಳು.

ಅವನು ಉಗುಳು ನುಂಗಿದ. ಪ್ಯಾಂಟು ಹಿಡಿದಿದ್ದ ಸಾವಕಾರನ ಕೈಯನ್ನು ಬಿಡಿಸಿ ಕೆಳಗಿಟ್ಟ. ಜನ ಸರಿದು ದಾರಿ ಬಿಟ್ಟರು. ಎತ್ತರದ ಬಾಗಿಲು ದಾಟಿ ಹೊರಗಿನ ಬಿಸಿಲಿಗೆ ಬಂದಾಗ ಬೆನ್ನ ಹಿಂದೆ ಅಗಿಯುವ ಸದ್ದು ಮತ್ತೆ ಶುರುವಾಯಿತು, ಈಗ ನೆಲದ ಮೇಲೆ, ಎಲ್ಲರಿಗೂ ಕೇಳುವಂತೆ. ಮುತ್ತು ಕಣದ ಕಡೆಗೆ ನಡೆದ.